ಕಿರಿದಾದ ದಾರಿ ಹಿಂದುಳಿದ ದಾರಿಯಲ್ಲ

ಬೆಂಗಳೂರಿನ ಹನುಮಂತನಗರಕ್ಕೂ ರಾಮಾಂಜನೇಯ ಗುಡ್ಡವಿದೆ. ಆದರೆ ಅದರ ಸುತ್ತಲಿನ ಏರುದಾರಿಗಳನ್ನು ಮೋಟಾರು ವಾಹನಗಳು ಆಕ್ರಮಿಸಿವೆ. ಸೈಕಲ್ ಸವಾರನಿಗೆ ನೆಮ್ಮದಿಯಿರುವುದು ಬೆಳಗಿನ ಜಾವದಲ್ಲಿ ಮಾತ್ರ. ಆದ್ದರಿಂದಲೇ ನಗರದ ಸವಾರರು ಸದ್ದಿಲ್ಲದ ದಾರಿಯನ್ನು ಅರಸಿ ಮಲೆನಾಡಿಗೆ ಬರುತ್ತಾರೆ.

ಸೋಮೇಶ್ವರ ವನ್ಯಧಾಮದ ನಡುವೆ 14 ಕಡಿದಾದ ತಿರುವುಗಳಲ್ಲಿ ಏರುವ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ಬಹುಕಾಲದಿಂದ ನಿರ್ಬಂಧವಿದೆ. ಇಂಥ ದಾರಿ ಕಿರಿದಾಗಿದ್ದರೆ ಇಕ್ಕೆಲದ ಮರಗಳ ಕೊಂಬೆಗಳು ಮೇಲೆ ಕೂಡಿಕೊಳ್ಳುತ್ತವೆ. ಸಿಂಗಳೀಕದಂಥ ಮರವಾಸಿಗಳಿಗೆ ಅದೇ ಸೇತುವೆ. ಅಗಲೀಕರಣವೆಂದರೆ ಆ ಸೇತುವೆಯನ್ನು ಮುರಿಯುವುದು. ಗುಡ್ಡದ ಬುಡವನ್ನು ಕಡಿದು ಮಳೆಗಾಲದ ಕುಸಿತಕ್ಕೆ ದಾರಿಮಾಡುವುದು. ರಸ್ತೆ ದುರಸ್ತಿಯಾಗಬೇಕು, ನಿಜ. ಅಗಲವಾಗಲೇಬೇಕೆಂದಿಲ್ಲ.

ಸೈಕಲ್ ನಗರದವರ ಭಾನುವಾರದ ವಿನೋದ ಮಾತ್ರವಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡತೊಡಗಿದಾಗ ದೂರದ ಹಳ್ಳಿಗಳ ಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಸೈಕಲ್ ಇದ್ದರೂ, ವಾಹನಗಳು ವೇಗವಾಗಿ ನುಗ್ಗುವ ರಸ್ತೆಗೆ ಯಾವ ತಾಯಿ ಮಗಳನ್ನು ಕಳುಹಿಸಿಯಾಳು?

ವಾಹನಕ್ಕೆ ಮಿತಿ ಹಾಕುವುದು ಅಸಾಧ್ಯವೇನಲ್ಲ. ಬಂಡೀಪುರದಲ್ಲಿ 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧವನ್ನು ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ಮಲೆನಾಡಿನ ಗ್ರಾಮಸಭೆಗಳೂ ಕಾಡಿನ ಒಳದಾರಿಗಳಿಗೆ ವೇಗಮಿತಿಯನ್ನು ಕೇಳಲಿ. ಊರಿನ ಬಸ್ಸಿಗೂ ಆಂಬುಲೆನ್ಸಿಗೂ ಅದರಿಂದ ತಡೆಯಾಗದು. ನಗರದ ಸವಾರರೂ ಸೈಕಲ್ಲನ್ನು ಕಾರಿನ ಮೇಲೇರಿಸಿ ತರುವ ಬದಲು ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಬರಲಿ. ಮೌನವನ್ನು ಅರಸಿ ಬರುವವರು ಸದ್ದನ್ನು ಹೊತ್ತು ತರಬಾರದು.