ಡಬಲ್ ರೋಡ್ ಫ್ಲೈಓವರ್ ಮೇಲಿನ ಆ ಕಲ್ಲು

ಪಾಳುಬಿದ್ದ ಗೋದಾಮು, ನೀಲಿ ಲೈಟು, ಎಲ್ಲಿಂದಲೋ ಬರೋ ಹೊಗೆ. ಕ್ರೈಮ್ ಸಿನಿಮಾಗಳಲ್ಲಿ ಇದನ್ನ ನೋಡಿ ನೋಡಿ ಸಾಕಾಗಿದೆ, ಅಲ್ವಾ? ಅಲ್ಲಿ ಎಷ್ಟು ಹೆಣ ಬಿದ್ದರೂ ನಮಗೇನೂ ಅನ್ನಿಸಲ್ಲ. ಯಾಕಂದ್ರೆ ನಾವ್ಯಾರೂ ಆ ಗೋದಾಮಿಗೆ ಹೋಗೋದೇ ಇಲ್ಲ.

2016ರಲ್ಲಿ ಬಂದ ಪವನ್ ಕುಮಾರ್ ಅವರ 'ಯು ಟರ್ನ್' ಇದಕ್ಕೆ ತದ್ವಿರುದ್ಧ. ಇಲ್ಲಿ ಭಯ ಹುಟ್ಟೋದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ. ಮುಂದೆ ಹೋಗಿ ಸುತ್ತಿಕೊಂಡು ಬರೋ ತಾಪತ್ರಯ ಬೇಡ ಅಂತ ಕೆಲವರು ಡಿವೈಡರ್ ಕಲ್ಲನ್ನು ಸರಿಸಿ, ಗಾಡಿ ತಿರುಗಿಸಿಕೊಂಡು ಹೋಗಿಬಿಡ್ತಾರೆ. ಕಲ್ಲು ರಸ್ತೆ ಮೇಲೇ ಉಳಿಯುತ್ತೆ. ಶ್ರದ್ಧಾ ಶ್ರೀನಾಥ್ ಮಾಡಿರೋ ರಚನಾ ಎಂಬ ಟ್ರೇನಿ ಪತ್ರಕರ್ತೆ ಅವರ ಗಾಡಿ ನಂಬರ್‌ಗಳ ಬೆನ್ನು ಹತ್ತುತ್ತಾಳೆ. ಹುಡುಕಿಕೊಂಡು ಹೋದ್ರೆ ಅವರು ಸತ್ತಿರುತ್ತಾರೆ. ಮುಂದಿನದ್ದು ಹೇಳಲ್ಲ, ನೋಡದೇ ಇರೋರು ನನ್ನನ್ನ ಬೈಕೋತೀರಿ.

ಸಸ್ಪೆನ್ಸ್‌ಗಿಂತ ನನ್ನನ್ನ ಹೆಚ್ಚು ಕಾಡಿದ್ದು ಆ ಕಲ್ಲು. ಇಲ್ಲಿ ಅಪರಾಧವನ್ನ ಹುಟ್ಟಿಸೋದು ಜಾಗವೇ. ಕೈಯಲ್ಲೇ ಸರಿಸಬಹುದಾದ ಕಲ್ಲು, ಮುಂದೆ ಟ್ರಾಫಿಕ್, ಆಫೀಸಿಗೆ ಲೇಟು. ದ್ವೇಷ, ಪ್ಲಾನು, ಸುಪಾರಿ ಏನೂ ಬೇಕಿಲ್ಲ. ಐದು ನಿಮಿಷ ಉಳಿಸೋ ಆಸೆ ಸಾಕು. ಇದನ್ನೇ ಸೆಟ್ ಹಾಕಿ ತೆಗೆದಿದ್ರೆ 'ಯಾರೋ ತಪ್ಪು ಮಾಡಿದ್ರು' ಅಂತ ನೋಡಿ ಎದ್ದು ಬರ್ತಿದ್ವಿ. ಆದ್ರೆ ಅದೇ ಫ್ಲೈಓವರ್ ಮೇಲೆ ಹೆಲ್ಮೆಟ್ ಹಾಕಿಕೊಂಡು ನಾಳೆ ಬೆಳಗ್ಗೆ ಹೋಗಬೇಕಾದವರಿಗೆ ಸಿನಿಮಾ ಥಿಯೇಟರಲ್ಲೇ ಮುಗಿಯಲ್ಲ.

ಜಾಗ ಅಂದ್ರೆ ಬರೀ ರಸ್ತೆ, ಕಟ್ಟಡ ಅಲ್ಲ ಅನ್ನೋದಕ್ಕೆ 2021ರ 'ಗರುಡ ಗಮನ ವೃಷಭ ವಾಹನ' ಇದೆ. ಕಥೆ ನಡೆಯೋದು ಮಂಗಳೂರಿನ ಮಂಗಳಾದೇವಿಯಲ್ಲಿ. ಅಲ್ಲಿಯ ಕನ್ನಡ, ಬಿಡದೆ ಸುರಿಯೋ ಮಳೆ, ಹುಡುಗರ ಕ್ರಿಕೆಟ್ಟು. ರಾಜ್ ಬಿ. ಶೆಟ್ಟಿ ಮಾಡಿರೋ ಶಿವ ಕೊಲೆ ಆದ ಮೇಲೆ ಮಳೆಯಲ್ಲಿ ನೆನೀತಾ ಕುಣಿಯೋದು ನೋಡಿ, ಅದು ಹುಲಿವೇಷದ ಹೆಜ್ಜೆ. ಕರಾವಳಿಯ ಮಕ್ಕಳು ದಸರಾದಲ್ಲಿ ಕಣ್ಣರಳಿಸಿ ನೋಡೋ ಹೆಜ್ಜೆ. ಹಬ್ಬದ ಸಂಭ್ರಮ ಮತ್ತು ಕೊಲೆಯ ಅಮಲು ಒಂದೇ ಮೈಯಲ್ಲಿ! ಬೇರೆ ಊರಿನ ರೌಡಿಗೆ ಈ ಕುಣಿತ ಕೊಟ್ಟಿದ್ರೆ ಕೊರಿಯೋಗ್ರಫಿ ಅನ್ನಿಸ್ತಿತ್ತು.

ನಮ್ಮಂಥ ಐಟಿಯವರ ಬೆಂಗಳೂರು ಮಾತ್ರ ಸಿನಿಮಾದಲ್ಲಿ ಇನ್ನೂ ಗಾಜಿನ ಕಟ್ಟಡದ ಡ್ರೋನ್ ಶಾಟ್ ಆಗಿಯೇ ಉಳಿದಿದೆ. ರಾತ್ರಿ ಎರಡು ಗಂಟೆಗೆ ಶಿಫ್ಟ್ ಮುಗಿಸಿ ಕ್ಯಾಬ್‌ನಲ್ಲಿ ಬರುವಾಗ ಕಾಣೋ ಖಾಲಿ ಸರ್ವಿಸ್ ರೋಡು, ಅರ್ಧ ಕಟ್ಟಿದ ಅಪಾರ್ಟ್‌ಮೆಂಟು, ಅದರ ಪಕ್ಕದ ತಗಡಿನ ಶೆಡ್ಡುಗಳು. ಅಲ್ಲಿಗೆ ಯಾರು ಕ್ಯಾಮೆರಾ ತರ್ತಾರೋ ಅಂತ ಕಾಯ್ತಾ ಇದ್ದೀನಿ.