ಪೌರತ್ವದ ಅರ್ಜಿಯಲ್ಲಿ ಹೆಣ್ಣಿನ ಹೆಸರು

ಅಮೆರಿಕದ ಪೌರತ್ವವನ್ನು ಕೋರುವವರು ಸಲ್ಲಿಸಬೇಕಾದ ಎನ್-400 ಎಂಬ ಅರ್ಜಿಯಲ್ಲಿ ಚಿಕ್ಕದೊಂದು ಪ್ರಶ್ನೆಯಿದೆ: ಹೆಸರನ್ನು ಕಾನೂನುಬದ್ಧವಾಗಿ ಬದಲಿಸಿಕೊಳ್ಳುವ ಇಚ್ಛೆಯಿದೆಯೇ? ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳೂ ಸೊಸೆಯಂದಿರೂ ಇಂದು ಈ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾರೆ. ಬರೆಯುವ ಕೈ ಅವರದು. ಉತ್ತರವನ್ನು ನಿಶ್ಚಯಿಸುವವರು ಅನೇಕ ವೇಳೆ ಬೇರೆಯವರು. ‘ಹೇಗೂ ಹೊಸ ಪಾಸ್‌ಪೋರ್ಟ್ ಬರುತ್ತದಲ್ಲ, ಈ ಸಲವಾದರೂ ನಮ್ಮ ಮನೆಯ ಅಡ್ಡಹೆಸರು ಹಾಕಿಸಿಬಿಡಲಿ’ ಎಂದು ಹಿರಿಯರು ಇಲ್ಲಿಂದಲೇ ಫೋನಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪನ್ನು ಕೊಡುವ ಅಧಿಕಾರ ಹಿರಿಯರಿಗಾಗಲಿ ಪತಿಗಾಗಲಿ ಇಲ್ಲವೆಂಬುದೂ, ಅದನ್ನು ಸಂಪ್ರದಾಯವೆಂದು ಕರೆಯುವುದು ಸಲ್ಲದೆಂಬುದೂ ಈ ಲೇಖನದ ವಾದ.

ಮೊದಲು ಕಾನೂನಿನ ಮಾತು. ಮದುವೆಯಾದ ಹೆಣ್ಣು ಗಂಡನ ಅಡ್ಡಹೆಸರನ್ನು ಧರಿಸಲೇಬೇಕೆಂದು ವಿಧಿಸುವ ಕಾನೂನು ಭಾರತದಲ್ಲಿ ಇಲ್ಲ. ಜೈನರಾದ ನಮಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆ ಹಾಗೆ ಹೇಳುವುದಿಲ್ಲ. ಪಾಸ್‌ಪೋರ್ಟಿಗಾಗಿ ಮಹಿಳೆಯರು ವಿವಾಹಾನಂತರ ಹೆಸರು ಬದಲಿಸಬೇಕಾಗಿಲ್ಲವೆಂದು 2017ರಲ್ಲಿ ಪ್ರಧಾನಮಂತ್ರಿಗಳೇ ಸಾರಿದರು. ಅಮೆರಿಕದ ಕಾನೂನೂ ಅವಕಾಶವನ್ನಷ್ಟೇ ಕೊಡುತ್ತದೆ, ಬಲವಂತ ಮಾಡುವುದಿಲ್ಲ. ವಿವಾಹ ಪ್ರಮಾಣಪತ್ರದ ಆಧಾರದ ಮೇಲೆ ಗಂಡನ ಅಡ್ಡಹೆಸರನ್ನು ಅಲ್ಲಿ ಪಡೆಯಬಹುದು. ಬೇರೆ ಹೆಸರು ಬೇಕೆನಿಸಿದರೆ ಎನ್-400ರಲ್ಲಿಯೇ ಕೋರಬಹುದು. ಆದರೆ ಪೌರತ್ವದ ಪ್ರಮಾಣವಚನವು ನ್ಯಾಯಾಲಯದ ಮುಂದೆ ನಡೆದಾಗ ಮಾತ್ರ ಆ ಬದಲಾವಣೆ ದೊರೆಯುತ್ತದೆ. ವಲಸೆ ಇಲಾಖೆ ತಾನೇ ನಡೆಸುವ ಸಮಾರಂಭದಲ್ಲಿ ಹೆಸರು ಬದಲಿಸುವ ಅಧಿಕಾರ ಅದಕ್ಕಿಲ್ಲ. ಪೌರತ್ವದ ಪ್ರಮಾಣಪತ್ರದಲ್ಲಿ ಮುದ್ರಿತವಾದ ಹೆಸರೇ ಹೊಸ ಪಾಸ್‌ಪೋರ್ಟಿಗೂ ಆಧಾರವಾಗುತ್ತದೆ.

ಅಲ್ಲಿ ಒಂದು ಗೆರೆಯಲ್ಲಿ ಮುಗಿಯುವ ಈ ಕೆಲಸದ ಹೊರೆಯನ್ನು ಇಲ್ಲಿ, ತವರಿನಲ್ಲಿ, ಹೊರಬೇಕಾಗುತ್ತದೆ. 1955ರ ಪೌರತ್ವ ಕಾಯ್ದೆಯ 9ನೆಯ ಕಲಮಿನಂತೆ ಅನ್ಯದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣದಲ್ಲೇ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಬಳಿಕ ಬೇಕಾಗುವ ಒಸಿಐ ಕಾರ್ಡು ವಿದೇಶಿ ಪಾಸ್‌ಪೋರ್ಟಿನ ಹೆಸರಿನಲ್ಲಿಯೇ ಬರುತ್ತದೆ. ಇತ್ತ ಪದವಿಪತ್ರ, ಪ್ಯಾನ್ ಕಾರ್ಡು, ಬ್ಯಾಂಕಿನ ಠೇವಣಿಗಳೆಲ್ಲ ಹಳೆಯ ಹೆಸರಿನಲ್ಲಿ ಉಳಿದಿರುತ್ತವೆ.

ಎಲ್ಲಕ್ಕಿಂತ ಗಂಭೀರವಾದುದು ಆಸ್ತಿಯ ಪ್ರಶ್ನೆ. 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕನ್ನು ಕೊಟ್ಟಿತು; 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಒಸಿಐ ಕಾರ್ಡುದಾರಳು ಭಾರತದಲ್ಲಿ ಕೃಷಿಭೂಮಿಯನ್ನು ಕೊಳ್ಳಲಾರಳು, ಆದರೆ ಉತ್ತರಾಧಿಕಾರದಿಂದ ಪಡೆಯಬಲ್ಲಳು. ಹಾಗೆ ಪಡೆಯಲು ಬಂದಾಗ, ವಂಶವೃಕ್ಷದಲ್ಲಿರುವ ಮಗಳೂ ಪಾಸ್‌ಪೋರ್ಟಿನಲ್ಲಿರುವ ಹೆಂಗಸೂ ಒಬ್ಬಳೇ ಎಂಬುದನ್ನು ಅವಳೇ ಸಾಬೀತುಪಡಿಸಬೇಕು. ತಂದೆ ತೀರಿಕೊಂಡು ಪೌತಿ ಖಾತೆಯ ಅರ್ಜಿ ಬಿದ್ದ ಹೊತ್ತಿನಲ್ಲಿ ಈ ಗೊಂದಲ ಯಾರಿಗೆ ಅನುಕೂಲ? ‘ಕಾಗದಪತ್ರದ ತೊಂದರೆ ಏಕೆ, ಹಕ್ಕು ಬಿಟ್ಟುಕೊಡು’ ಎನ್ನುವವರಿಗೆ. ಹೆಸರು ಮರೆಯಾದ ಕಡೆ ಹಕ್ಕನ್ನು ಮರೆಸುವುದು ಸುಲಭ. ಆದುದರಿಂದ ಹೆಸರು ಬದಲಿಸುವವಳು ನ್ಯಾಯಾಲಯದ ಆದೇಶ, ವಿವಾಹ ಪ್ರಮಾಣಪತ್ರ, ರದ್ದಾದ ಹಳೆಯ ಪಾಸ್‌ಪೋರ್ಟು ಇವುಗಳನ್ನು ಒಡವೆಗಿಂತ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಇನ್ನು ಸಂಪ್ರದಾಯದ ವಾದ. ನಮ್ಮ ಇತಿಹಾಸ ಇದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿಯನ್ನು ನಾಡು ಅತ್ತಿಮಬ್ಬೆಯೆಂದೇ ನೆನೆಯುತ್ತದೆ; ನಾಗದೇವನ ಪತ್ನಿಯೆಂಬುದು ಅವಳ ಪರಿಚಯದ ಒಂದು ಭಾಗ ಮಾತ್ರ. ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಮಾಡಿಸಿದ ಶಾಂತಲೆ ಹೊಯ್ಸಳರ ಪಟ್ಟದರಸಿ. ಆದರೂ ಶಾಸನಗಳು ಅವಳ ತಂದೆ ಮಾರಸಿಂಗಯ್ಯನನ್ನೂ ತಾಯಿ ಮಾಚಿಕಬ್ಬೆಯನ್ನೂ ಮರೆಯಲಿಲ್ಲ. ಉಳ್ಳಾಲದ ಅಬ್ಬಕ್ಕ ಬಂಗರಸನನ್ನು ಮದುವೆಯಾದಳು, ಆದರೆ ಇತಿಹಾಸಕ್ಕೆ ಅವಳು ಚೌಟರ ಅಬ್ಬಕ್ಕ. ತುಳುನಾಡಿನ ಜೈನ ಮನೆತನಗಳು ಅನುಸರಿಸಿದ ಅಳಿಯಸಂತಾನ ಕಟ್ಟಿನಲ್ಲಿ ಮನೆತನವು ತಾಯಿಯ ಕಡೆಯಿಂದಲೇ ಹರಿದುಬರುತ್ತಿತ್ತು. ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಿಂದ ವಧುವಿನ ಹೊಸ ಹೆಸರನ್ನು ಬರೆಯಿಸುವ ಮರಾಠಿ ನೆಲದ ರೂಢಿ ನಮ್ಮ ಕೆಲವು ಮನೆಗಳನ್ನೂ ಹೊಕ್ಕಿದೆ. ಅದು ನೆರೆಹೊರೆಯಿಂದ ಬಂದ ರೂಢಿ, ಜಿನಧರ್ಮದ ವಿಧಿಯಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಎಣಿಸುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ನಾಮಕರ್ಮ ಬೇರೆ, ವಿವಾಹ ಬೇರೆ.

ನಮ್ಮ ಧರ್ಮದಲ್ಲಿ ಹೆಸರು ಬದಲಾಗುವ ಸಂದರ್ಭವೊಂದು ನಿಜಕ್ಕೂ ಇದೆ: ದೀಕ್ಷೆ. ಮನೆ, ಬಂಧು, ಸೊತ್ತು ಎಲ್ಲವನ್ನೂ ಬಿಟ್ಟು ಹೊರಟ ಶ್ರಾವಿಕೆಯು ಆರ್ಯಿಕೆಯಾಗಿ ಹೊಸ ಹೆಸರನ್ನು ಪಡೆಯುತ್ತಾಳೆ. ಅಲ್ಲಿ ಹಳೆಯ ಹೆಸರನ್ನು ಬಿಡುವುದಕ್ಕೆ ಅರ್ಥವಿದೆ, ಏಕೆಂದರೆ ಬಿಡುವವಳು ಅವಳೇ, ಬಿಡುವುದು ಅವಳ ಸಂಕಲ್ಪದಿಂದಲೇ. ಗೃಹಸ್ಥಾಶ್ರಮವನ್ನು ಪ್ರವೇಶಿಸುವವಳಿಂದ ಅದೇ ತ್ಯಾಗವನ್ನು ಕೇಳುವುದು, ಅದೂ ಪತಿಯಿಂದ ಏನನ್ನೂ ಕೇಳದೆ, ಯಾವ ನ್ಯಾಯ?

ಹಾಗೆಂದು ಹೆಸರು ಬದಲಿಸುವುದೇ ತಪ್ಪೆಂದು ಹೇಳುವುದು ಇನ್ನೊಂದು ಬಗೆಯ ಬಲವಂತವಾದೀತು. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನೇ ನೆಚ್ಚಿ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಟ್ಟವರ ಅಮೆರಿಕದ ವೀಸಾದಲ್ಲಿ, ಮೊದಲ ಹೆಸರು ಗೊತ್ತಿಲ್ಲವೆಂಬ ಅರ್ಥದ ‘ಎಫ್‌ಎನ್‌ಯು’ ಎಂಬ ಮೂರಕ್ಷರಗಳು ಕುಳಿತುಬಿಡುತ್ತವೆ. ಅದನ್ನು ಕಳಚಿಕೊಳ್ಳಲು ಪೌರತ್ವದ ಅರ್ಜಿ ಒಳ್ಳೆಯ ಅವಕಾಶ. ಮಕ್ಕಳೊಂದಿಗೆ ಒಂದೇ ಅಡ್ಡಹೆಸರಿದ್ದರೆ ಪ್ರಯಾಣ ಸಲೀಸೆಂದು ಬಯಸುವ ತಾಯಂದಿರಿದ್ದಾರೆ. ದಂಪತಿಗಳಿಬ್ಬರೂ ಕೂಡಿ ‘ಜೈನ್’ ಎಂದು ಸೇರಿಸಿಕೊಳ್ಳುವುದುಂಟು. ಅದು ಸಮಾನರ ಆಯ್ಕೆ. ಆದರೆ ‘ಜೈನ್’ ಎಂದು ಬರೆಯದಿದ್ದರೆ ಸಮಾಜದ ಸಂಖ್ಯೆ ಕುಗ್ಗುತ್ತದೆಂದು ಹೆದರಿಸುವುದು ಸರಿಯಲ್ಲ. 2011ರ ಜನಗಣತಿಯು ನಮ್ಮನ್ನು ಸುಮಾರು 44.5 ಲಕ್ಷವೆಂದು ಎಣಿಸಿದ್ದು ಧರ್ಮದ ಪ್ರಶ್ನೆಗೆ ಕೊಟ್ಟ ಉತ್ತರದಿಂದ, ಅಡ್ಡಹೆಸರಿನಿಂದಲ್ಲ.

ಬಲವಂತ ಮನೆಯೊಳಗೆ ಮಾತ್ರ ಇಲ್ಲವೆಂಬುದನ್ನೂ ಗಮನಿಸಬೇಕು. ತವರಿನ ಅಡ್ಡಹೆಸರಿಗೆ ಮರಳಬಯಸುವ ವಿವಾಹಿತೆ ವಿಚ್ಛೇದನದ ತೀರ್ಪಿನ ಪ್ರತಿಯನ್ನೋ ಪತಿಯ ನಿರಾಕ್ಷೇಪಣಾ ಪತ್ರವನ್ನೋ ಸಲ್ಲಿಸಬೇಕೆಂಬ ಸರ್ಕಾರಿ ಸೂಚನೆಯನ್ನು 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾಯಿತು. ತನ್ನ ಹೆಸರಿಗೆ ಮರಳಲು ಇನ್ನೊಬ್ಬರ ಅನುಮತಿ ಬೇಕೆಂದರೆ ಅದನ್ನು ಪೌರತ್ವವೆನ್ನುವುದು ಹೇಗೆ? ಇದೇ ಕಾಲದಲ್ಲಿ ಮಹಾರಾಷ್ಟ್ರ ಸರ್ಕಾರವು 2024ರ ಮೇ 1ರಿಂದ ಜನಿಸಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ತಂದೆಯ ಹೆಸರಿಗೂ ಮೊದಲು ತಾಯಿಯ ಹೆಸರನ್ನು ಕಡ್ಡಾಯಗೊಳಿಸಿದೆ. ಸರ್ಕಾರಕ್ಕೆ ಸಾಧ್ಯವಾದದ್ದು ಸಮಾಜಕ್ಕೆ ಏಕೆ ಅಸಾಧ್ಯ?

ಆರಂಭ ನಮ್ಮ ಕೈಯಲ್ಲೇ ಇದೆ. ಸಮಾಜದ ಕುಟುಂಬ ಕೋಶಗಳಲ್ಲಿ ‘ಶ್ರೀಮತಿ’ಯ ಮುಂದೆ ಪತಿಯ ಹೆಸರನ್ನಷ್ಟೇ ಅಚ್ಚು ಮಾಡುವ ಪದ್ಧತಿ ನಿಲ್ಲಲಿ; ಅವಳ ಹೆಸರು, ತವರಿನ ಹೆಸರು ಎರಡೂ ಬರಲಿ. ಬಸದಿಯ ದಾನಫಲಕಗಳಲ್ಲಿ ‘ಧರ್ಮಪತ್ನಿ’ಯೆಂಬ ಒಂದೇ ಪದದ ಹಿಂದೆ ದಾನಿಯು ಅಡಗಿಹೋಗದಿರಲಿ. ವಧೂವರರ ಮಾತುಕತೆಯಲ್ಲಿ ಜಾತಕ, ಸಂಬಳಗಳ ಜೊತೆಗೆ ಹೆಸರಿನ ವಿಷಯವೂ ಮದುವೆಗೆ ಮೊದಲೇ ಬಾಯಿಬಿಟ್ಟು ಚರ್ಚೆಯಾಗಲಿ. ಮತ್ತು ವಿದೇಶದಲ್ಲಿರುವ ಮಗಳೋ ಸೊಸೆಯೋ ಪೌರತ್ವದ ಅರ್ಜಿ ತುಂಬುತ್ತಿದ್ದೇನೆಂದು ಫೋನು ಮಾಡಿದಾಗ ಹಿರಿಯರಾದ ನಾವು ಒಂದೇ ಮಾತು ಹೇಳೋಣ: ‘ನಿನ್ನ ಹೆಸರು ಏನಿರಬೇಕೆಂದು ನೀನೇ ಯೋಚಿಸಿ ಬರೆ ಮಗಳೇ, ಕಾಗದಪತ್ರಗಳಿಗೆ ನಾವಿದ್ದೇವೆ.’