ನೆರೆಯಿಳಿದ ಗೋಡೆ
೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆಗಳು ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಎಷ್ಟೋ ಮನೆಗಳನ್ನು ಹೊಕ್ಕವು. ನೆರೆಯಿಳಿದೊಡನೆ ನಮಗೆ ದೀಪಾವಳಿಯ ಬಣ್ಣದ ಚಿಂತೆ!

ಹೊಸ ಸಿಮೆಂಟಿನ ಕ್ಷಾರವು ಬೂಷ್ಟನ್ನು ಹತ್ತಿರ ಸೇರಿಸದು. ವರ್ಷಗಳುರುಳಿದಂತೆ ಗಾಳಿಯ ಇಂಗಾಲಾಮ್ಲದಿಂದ ಮೇಲ್ಮೈಯ ಕ್ಷಾರ ಕುಂದುತ್ತದೆ. ಅಂಟಿದ ಧೂಳು, ಅಡಿಗೆಯ ಜಿಡ್ಡು ಬೂಷ್ಟಿಗೆ ಆಹಾರವಾಗುತ್ತವೆ. ಸಿಮೆಂಟ್ ಹಲಗೆಯ ಪಾಡೂ ಇದೇ. ಇನ್ನು ಬೇಕಾದುದು ತೇವವೊಂದೇ. ಅದನ್ನು ಆಯಿಲ್ ಪೇಂಟ್ ಬಳಿದು ನಾವೇ ಒಳಗೆ ಬಂಧಿಸುತ್ತೇವೆ. ಕೆಮ್ಮುವ ಮಗುವನ್ನು ಅದೇ ಗೋಡೆಯ ಪಕ್ಕದಲ್ಲಿ ಮಲಗಿಸುತ್ತೇವೆ.

ವಾರಗಳೇ ಹಿಡಿಯಲಿ, ಕದ ಕಿಟಕಿ ತೆರೆದು ಗೋಡೆಯನ್ನು ಒಣಗಿಸಬೇಕು. ಬೂಷ್ಟನ್ನು ಒಣ ಪೊರಕೆಯಿಂದ ಕೆರೆದರೆ ಅದರ ಕಣಗಳು ಮನೆಯೆಲ್ಲ ಹಾರುತ್ತವೆ. ಮೂಗುಬಾಯಿ ಮುಚ್ಚಿಕೊಂಡು, ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತೊಡೆಯಬೇಕು. ಬಳಿಕ ಸುಣ್ಣವೇ ಲೇಸು: ಅದು ಕ್ಷಾರವೂ ಹೌದು, ಗೋಡೆಯ ತೇವವನ್ನು ಕಟ್ಟಿಹಾಕುವುದೂ ಇಲ್ಲ. ಬಡವರ ಬಣ್ಣವೆಂದು ಅದನ್ನು ಹಳಿಯುವವರುಂಟು. ಈ ದೀಪಾವಳಿಗೆ ಗೋಡೆ ಬರಿದಾಗಿಯೇ ಇರಲಿ.